ಪೈಲಟ್ ಸತ್ತ, ಫೈಲ್ ಮುಚ್ಚಿತು!

ವಿಮಾನ ಬಿದ್ದರೆ ನಮ್ಮಲ್ಲಿ ಮುಂದೇನಾಗುತ್ತೆ ಅಂತ ಯಾರು ಬೇಕಾದರೂ ಮೊದಲೇ ಬರೆದಿಡಬಹುದು. ಮೊದಲ ದಿನ ಹೊಗೆ, ಬೆಂಕಿ, ಅಳುವ ಮುಖಗಳು. ಎರಡನೇ ದಿನ ಮಂತ್ರಿಗಳ ಭೇಟಿ, ಪರಿಹಾರದ ಘೋಷಣೆ. ಮೂರನೇ ದಿನ ಬ್ಲ್ಯಾಕ್ ಬಾಕ್ಸ್. ಅಲ್ಲಿಂದಾಚೆ ಟಿವಿಯವರ ಬಾಯಲ್ಲಿ ಎರಡೇ ಎರಡು ಶಬ್ದ: "ಪೈಲಟ್ ತಪ್ಪು". ವರ್ಷ ಕಳೆದ ಮೇಲೆ ದಪ್ಪನೆಯ ವರದಿ ಬರುತ್ತೆ. ಅದರ ಒಂದು ಸಾಲು ಪೇಪರಿಗೆ, ಉಳಿದಿದ್ದೆಲ್ಲ ಕಪಾಟಿಗೆ.

2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ಬಿತ್ತಲ್ಲ, ಆಗಲೂ ಇದೇ ಆಯಿತು. ವಿಮಾನದಲ್ಲಿದ್ದ 242 ಜನರಲ್ಲಿ ಬದುಕಿದವನು ಒಬ್ಬ. ನೆಲದ ಮೇಲಿದ್ದವರೂ 19 ಜನ ಸತ್ತರು. ಒಂದು ತಿಂಗಳಿಗೆ ಪ್ರಾಥಮಿಕ ವರದಿ ಬಂತು. ಇಂಧನದ ಸ್ವಿಚ್ಚುಗಳು ಬಂದ್ ಸ್ಥಾನಕ್ಕೆ ಹೋಗಿದ್ದವು, ಒಬ್ಬ ಪೈಲಟ್ "ಯಾಕೆ ಬಂದ್ ಮಾಡಿದೆ" ಅಂತ ಕೇಳಿದ, ಇನ್ನೊಬ್ಬ "ನಾನು ಮಾಡಿಲ್ಲ" ಅಂದ, ಇಷ್ಟು ಅದರಲ್ಲಿತ್ತು. ಯಾರ ಮೇಲೂ ತಪ್ಪು ಹೊರಿಸಿರಲಿಲ್ಲ. ಆದರೆ ಅಂದು ಸಂಜೆಯಷ್ಟೊತ್ತಿಗೆ ದೇಶ ವಿದೇಶದ ಪಂಡಿತರೆಲ್ಲ ತೀರ್ಪು ಕೊಟ್ಟು ಮುಗಿಸಿದ್ದರು. ಕೊನೆಗೆ ಆ ಕ್ಯಾಪ್ಟನ್‌ನ ವಯಸ್ಸಾದ ತಂದೆ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. 2025ರ ನವೆಂಬರಿನಲ್ಲಿ ಕೋರ್ಟು, ಈ ಭಾರವನ್ನು ನೀವು ಹೊತ್ತುಕೊಳ್ಳಬೇಡಿ, ಆ ವರದಿಯಲ್ಲಿ ನಿಮ್ಮ ಮಗನ ಮೇಲೆ ಯಾವ ಆರೋಪವೂ ಇಲ್ಲ ಎಂಬರ್ಥದ ಮಾತು ಹೇಳಿತು. ಮಗನನ್ನು ಕಳೆದುಕೊಂಡ ಅಪ್ಪ ಇಷ್ಟು ಕೇಳಿಸಿಕೊಳ್ಳುವುದಕ್ಕೆ ದಿಲ್ಲಿಯ ಕೋರ್ಟಿಗೆ ಹೋಗಬೇಕೇನ್ರೀ?

ನಾನು ಹೇಳಬೇಕೆಂದಿರೋದು ಇಷ್ಟೇ. ನಮ್ಮ ವಿಮಾನಯಾನದಲ್ಲಿ ಭದ್ರತೆ ಅಂತ ಒಂದಿದೆ, ಸುರಕ್ಷತೆ ಅಂತ ಒಂದಿದೆ, ಸಾಮಾಜಿಕ ಹೊಣೆ ಅಂತ ಇನ್ನೊಂದಿದೆ. ಮೂರಕ್ಕೂ ಇಲಾಖೆ ಇದೆ, ನಿಯಮ ಇದೆ, ಕಂಪನಿಗಳ ವಾರ್ಷಿಕ ವರದಿಯಲ್ಲಿ ಮೂರಕ್ಕೂ ಬಣ್ಣದ ಪುಟಗಳಿವೆ. ಆದರೆ ಏನಾದರೂ ಆದಾಗ ಹೊರೆ ಮಾತ್ರ ತಿರುಗಿ ಮಾತಾಡಲಾರದವನ ತಲೆಗೇ ಬರುತ್ತೆ. ಸತ್ತ ಪೈಲಟ್, ಕ್ಯೂನಲ್ಲಿ ನಿಂತ ಪ್ರಯಾಣಿಕ, ಪರಿಹಾರಕ್ಕೆ ಅಲೆಯುವ ಹೆಂಡತಿ, ಜಮೀನು ಬಿಟ್ಟುಕೊಟ್ಟ ರೈತ. ಇದಕ್ಕೆ ನಮ್ಮ ಕಡೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರೆ.

ಸುಮ್ಮನೆ ಬೈತಿದಾನೆ ಅಂದುಕೊಳ್ಳಬೇಡಿ. ನಮ್ಮ ರಾಜ್ಯದ್ದೇ ಉದಾಹರಣೆ ತಗೊಳ್ಳೋಣ. ಮಂಗಳೂರು.

2010ರ ಮೇ 22, ಬೆಳಗಿನ ಜಾವ. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ಬಜ್ಪೆಯ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿದ್ದು ಸುಟ್ಟುಹೋಯಿತು. ಒಳಗಿದ್ದವರು 166 ಜನ, ಬದುಕಿದವರು 8. ಸತ್ತ 158 ಜನರಲ್ಲಿ ಹೆಚ್ಚಿನವರು ದಕ್ಷಿಣ ಕನ್ನಡ, ಕಾಸರಗೋಡು ಕಡೆಯವರು. ಗಲ್ಫ್‌ನಲ್ಲಿ ದುಡಿದು, ಊರಿಗೆ ಅಂತ ಪೆಟ್ಟಿಗೆ ಕಟ್ಟಿಕೊಂಡು ಬಂದವರು. ಆಗ ನಾನಿನ್ನೂ ಶಾಲೆಯ ಹುಡುಗ. ನನಗೆ ನೆನಪಿರೋದು ಒಂದೇ. ಆ ವಾರವೆಲ್ಲ ಊರಿನ ದೊಡ್ಡವರು "ಆ ಪೈಲಟ್ ನಿದ್ದೆ ಮಾಡಿಬಿಟ್ಟಿದ್ದನಂತೆ" ಅನ್ನುತ್ತಿದ್ದರು. ಅಲ್ಲಿಗೆ ಕತೆ ಮುಗಿದಿತ್ತು.

ಮುಂದೆ ಇಂಜಿನಿಯರಿಂಗ್ ಓದುವಾಗ ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ತನಿಖಾ ವರದಿ ಓದಿದೆ. ಪುಣ್ಯಕ್ಕೆ ಅದು ಸಾರ್ವಜನಿಕರಿಗೆ ಸಿಗುತ್ತೆ. ಪೈಲಟ್ ತಪ್ಪು ಮಾಡಿದ್ದು ನಿಜ, ಅದನ್ನು ವರದಿ ನೇರವಾಗಿಯೇ ಹೇಳುತ್ತೆ. ವಿಮಾನ ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿತ್ತು. ಇಳಿಯುವುದನ್ನು ಕೈಬಿಟ್ಟು ಮೇಲೇರಿ ಇನ್ನೊಂದು ಸುತ್ತು ಹಾಕಿ ಬರಬೇಕಿತ್ತು, ಕ್ಯಾಪ್ಟನ್ ಹಾಗೆ ಮಾಡಲಿಲ್ಲ. ಸಹಪೈಲಟ್ ಮೂರು ಸಲ "ಗೋ ಅರೌಂಡ್" ಅಂದರೂ, ಯಂತ್ರ ಎಚ್ಚರಿಕೆ ಕೊಡುತ್ತಲೇ ಇದ್ದರೂ ಇಳಿಸಿದ. ಸುಮಾರು 8,000 ಅಡಿಯ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು 5,200 ಅಡಿ ಆಚೆ. ಆಮೇಲೂ ಪೂರ್ತಿ ಬ್ರೇಕ್ ಹಾಕಿ ನಿಲ್ಲಿಸುವ ಬದಲು ಮತ್ತೆ ಹಾರಿಸಲು ನೋಡಿದ. ಕಾಕ್‌ಪಿಟ್ ಧ್ವನಿಮುದ್ರಣದಲ್ಲಿ ಗಂಟೆಗೂ ಮೀರಿ ಆತನ ನಿದ್ದೆಯ ಉಸಿರಾಟವಿದೆ. ಇದ್ಯಾವುದನ್ನೂ ನಾನು ಇಲ್ಲ ಅನ್ನುತ್ತಿಲ್ಲ.

ಆದರೆ ಅದೇ ವರದಿಯಲ್ಲಿ ಇನ್ನೂ ಕೆಲವು ಸಾಲುಗಳಿವೆ. ಅವನ್ನು ಯಾರೂ ಓದಿ ಹೇಳಲಿಲ್ಲ.

ಒಂದು, ಆ ದಿನ ಮಂಗಳೂರಿನ ರಾಡಾರ್ ಕೆಟ್ಟಿತ್ತು. ಹಾಗಾಗಿ ವಿಮಾನಕ್ಕೆ ಕೆಳಗಿಳಿಯಲು ಅನುಮತಿ ಸಿಕ್ಕಿದ್ದೇ ಮಾಮೂಲಿಗಿಂತ ಹತ್ತಿರದಲ್ಲಿ. ಎತ್ತರ ಜಾಸ್ತಿಯಾಗಲು ಇದೂ ಒಂದು ಕಾರಣ. ಸಿಬ್ಬಂದಿ ಸರಿಯಾಗಿ ಲೆಕ್ಕ ಹಾಕಿಕೊಳ್ಳಲಿಲ್ಲ ಅಂತ ವರದಿ ಸೇರಿಸುತ್ತೆ, ಒಪ್ಪೋಣ. ಆದರೆ ರಾಡಾರ್ ಕೆಡಿಸಿದ್ದು ಪೈಲಟ್ ಅಲ್ಲವಲ್ಲ?

ಎರಡು, ಸಹಪೈಲಟ್ ಮೂರು ಸಲ ಕೂಗಿದನೇ ಹೊರತು ಕಂಟ್ರೋಲ್ ಕೈಗೆ ತಗೊಳ್ಳಲಿಲ್ಲ. ಯಾಕೆ? ಸಹಪೈಲಟ್ ತಾನಾಗಿ ಗೋ ಅರೌಂಡ್ ಮಾಡಬಹುದೋ ಬೇಡವೋ ಅನ್ನುವ ಬಗ್ಗೆ ಇದ್ದ ಸೂಚನೆಗಳೇ ಗೊಂದಲವಾಗಿದ್ದವು, ಬಹುಶಃ ಅದಕ್ಕೇ ಅಂತ ವರದಿ ಹೇಳುತ್ತೆ. ಆ ಸೂಚನೆಗಳನ್ನು ಬರೆದವರು ಏರ್ ಕಂಡಿಷನ್ ರೂಮಿನಲ್ಲಿ ಕೂತವರು. ಅವರಲ್ಲಿ ಯಾರ ಹೆಸರಾದರೂ ನೀವು ಪೇಪರಿನಲ್ಲಿ ನೋಡಿದ್ದೀರಾ?

ಮೂರು, ರನ್‌ವೇ ಮುಗಿದ ಮೇಲೆ ಇರಬೇಕಾದ ಸುರಕ್ಷತಾ ಜಾಗ ಅಲ್ಲಿದ್ದದ್ದು 90 ಮೀಟರ್. ಅದು ಕನಿಷ್ಠ ಮಿತಿ. ಅಂತರರಾಷ್ಟ್ರೀಯ ಸಂಸ್ಥೆ ಶಿಫಾರಸು ಮಾಡುವುದು 240. ಆ ಜಾಗದ ಆಚೆ ಆಂಟೆನಾ ಹೊತ್ತ ಕಾಂಕ್ರೀಟ್ ಕಟ್ಟೆ ಇತ್ತು. ವಿಮಾನದ ರೆಕ್ಕೆ ಬಡಿದದ್ದು ಅದಕ್ಕೇ. ಅದರಾಚೆ ಕಣಿವೆ. ಇಂಥ ಕಡೆ ಕಟ್ಟೆಗಳು ತಾಗಿದರೆ ಮುರಿದು ಬೀಳುವ ಹಾಗಿರಬೇಕು, ತುದಿಯಲ್ಲಿ ವಿಮಾನವನ್ನು ಹಿಡಿದು ನಿಲ್ಲಿಸುವ ಮೆತ್ತನೆಯ ಹಾಸು ಇರಬೇಕು ಅಂತ ವರದಿ ಸಲಹೆ ಕೊಟ್ಟಿತು.

ಈಗ ಹತ್ತು ವರ್ಷ ಮುಂದೆ ಬನ್ನಿ. 2020ರ ಆಗಸ್ಟ್ 7, ರಾತ್ರಿ, ಜೋರು ಮಳೆ. ಜಾಗ ಕೋಳಿಕ್ಕೋಡಿನ ಕರಿಪುರ. ಅದೇ ಏರ್ ಇಂಡಿಯಾ ಎಕ್ಸ್‌ಪ್ರೆಸ್. ಅದೇ ಬೋಯಿಂಗ್ 737. ಅದೇ ದುಬೈನಿಂದ. ಅದೇ ಥರ ಗುಡ್ಡದ ನೆತ್ತಿ ಕಡಿದು ಮಾಡಿದ ರನ್‌ವೇ. ಮತ್ತೆ ವಿಮಾನ ರನ್‌ವೇಯ ಅರ್ಧದಷ್ಟು ದಾಟಿ ಇಳಿಯಿತು. ಮತ್ತೆ ಸಹಪೈಲಟ್ "ಗೋ ಅರೌಂಡ್" ಅಂದ. ಮತ್ತೆ ಕ್ಯಾಪ್ಟನ್ ಕೇಳಲಿಲ್ಲ. ಮತ್ತೆ ಸಹಪೈಲಟ್ ಕಂಟ್ರೋಲ್ ತಗೊಳ್ಳಲಿಲ್ಲ. ರನ್‌ವೇ ತುದಿಯಲ್ಲಿ ಹಿಡಿದು ನಿಲ್ಲಿಸುವ ಹಾಸೂ ಇರಲಿಲ್ಲ. ಕೆಳಗೆ ಬಿದ್ದ ವಿಮಾನ ತುಂಡಾಯಿತು. ಇಬ್ಬರೂ ಪೈಲಟ್‌ಗಳು ಸೇರಿ 21 ಜನ ಸತ್ತರು. ಬೆಂಕಿ ಹತ್ತದಿದ್ದದ್ದು ಪುಣ್ಯ. ಹತ್ತಿದ್ದರೆ ಇನ್ನೊಂದು ಕೆಂಜಾರೇ.

ಎರಡೂ ವರದಿಗಳನ್ನು ಅಕ್ಕಪಕ್ಕ ಇಟ್ಟು ಓದಿ ನೋಡಿ. ಊರಿನ ಹೆಸರು, ತಾರೀಖು ಅಳಿಸಿಬಿಟ್ಟರೆ ಯಾವುದು ಯಾವುದು ಅಂತ ಒಂದು ಕ್ಷಣ ಗೊತ್ತಾಗಲ್ಲ. ಹತ್ತು ವರ್ಷದ ಅಂತರದಲ್ಲಿ ಬೇರೆ ಇಬ್ಬರು, ಅದೇ ಕುರ್ಚಿಗಳಲ್ಲಿ ಕೂತು, ಅದೇ ತಪ್ಪು ಮಾಡುತ್ತಾರೆ ಅಂದರೆ ಅದು ಬರೀ ಆ ಇಬ್ಬರ ತಪ್ಪು ಹೇಗಾಗುತ್ತೆ ಸ್ವಾಮಿ? ಆ ಕುರ್ಚಿಗಳನ್ನು ಅಲ್ಲಿಟ್ಟವರದ್ದು ಏನೂ ಇಲ್ಲವಾ? ಕೋಳಿಕ್ಕೋಡಿನ ವರದಿ ತಾನೇ ವ್ಯವಸ್ಥೆಯ ವೈಫಲ್ಯವನ್ನೂ ಅಲ್ಲಗಳೆಯಲಾಗದು ಅಂತ ಬರೆದಿದೆ. ಅಲ್ಲಿ ಕ್ಯಾಪ್ಟನ್‌ಗಳ ಕೊರತೆ ಇತ್ತು, ಮರುದಿನ ಬೆಳಿಗ್ಗೆ ಇನ್ನೊಂದು ವಿಮಾನ ಹಾರಿಸುವ ಒತ್ತಡ ಆ ಕ್ಯಾಪ್ಟನ್ ಮೇಲಿತ್ತು ಅನ್ನೋದೂ ಅದರಲ್ಲಿದೆ. ಪೇಪರಿನಲ್ಲಿ ಬಂದದ್ದು ಮಾತ್ರ ಮತ್ತೆ ಅದೇ ಎರಡು ಶಬ್ದ.

ಹೊಟ್ಟೆ ಉರಿಯೋ ಸಂಗತಿ ಇನ್ನೊಂದಿದೆ. ಮಂಗಳೂರು ದುರಂತದ ನಂತರ ಸರ್ಕಾರವೇ ಒಂದು ಸುರಕ್ಷತಾ ಸಲಹಾ ಸಮಿತಿ ಮಾಡಿತ್ತು. ಅದರ ಸದಸ್ಯ ಕ್ಯಾಪ್ಟನ್ ಮೋಹನ್ ರಂಗನಾಥನ್ 2011ರ ಜೂನ್‌ನಲ್ಲೇ ಪತ್ರ ಬರೆದಿದ್ದರು. ಕೋಳಿಕ್ಕೋಡಿನಲ್ಲಿ ಮಳೆಯಲ್ಲಿ, ಹಿಂದಿನಿಂದ ಗಾಳಿ ಬೀಸುವಾಗ 10ನೇ ರನ್‌ವೇಯಲ್ಲಿ ಇಳಿಸುವುದು ಜೀವಗಳ ಜೊತೆ ಆಟ ಅಂತ. 2020ರಲ್ಲಿ ವಿಮಾನ ಇಳಿದದ್ದು ಮಳೆಯಲ್ಲಿ, ಹಿಂಗಾಳಿಯಲ್ಲಿ, ಅದೇ 10ನೇ ರನ್‌ವೇಯಲ್ಲಿ! ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನೋ ಗಾದೆಯಾದರೂ ವಾಸಿ. ಇಲ್ಲಿ ಒಂದು ಸಲ ಸೂರೆ ಹೋದ ಮೇಲೂ ಬಾಗಿಲು ಹಾಕಲಿಲ್ಲವಲ್ಲ.

ಈಗ ನನ್ನ ಕಸುಬಿನ ಮಾತು. ಇದನ್ನು ಓದುವವರಲ್ಲಿ ಅರ್ಧದಷ್ಟು ಜನ ಸಾಫ್ಟ್‌ವೇರಿನವರೇ ಅಂತ ಗೊತ್ತು :-) ಸರ್ವರ್ ಬಿದ್ದಾಗ ಏನಾಗುತ್ತೆ? ಕೆಟ್ಟ ಕಂಪನಿಯಲ್ಲಿ ಮೊದಲ ಪ್ರಶ್ನೆ "ಯಾರು ಆ ಕಮ್ಯಾಂಡ್ ಕೊಟ್ಟಿದ್ದು?" ನಾನು ಹಿಂದೆ ಇದ್ದ ಒಂದು ಕಡೆ, ಸೇರಿ ಆರು ತಿಂಗಳೂ ಆಗದ ಹುಡುಗನೊಬ್ಬನ ಕೈಯಿಂದ ರಾತ್ರಿ ಎರಡು ಗಂಟೆಗೆ ಗಿರಾಕಿಯ ಡೇಟಾ ಅಳಿಸಿಹೋಯಿತು. ಮರುದಿನ ಅವನ ಕೆಲಸ ಹೋಯಿತು. ಹೊಸ ಹುಡುಗನ ಕೈಗೆ ಆ ಅಧಿಕಾರ ಯಾಕೆ ಕೊಟ್ಟಿದ್ದು, ಹದಿನಾರು ಗಂಟೆ ಕೆಲಸ ಮಾಡಿದವನನ್ನು ಮತ್ತೆ ಯಾಕೆ ಕೂರಿಸಿದ್ದು, "ನಿಜವಾಗಲೂ ಅಳಿಸಬೇಕಾ?" ಅಂತ ಒಂದು ಸಲ ಕೇಳುವ ಏರ್ಪಾಡು ಯಾಕಿರಲಿಲ್ಲ, ಯಾರೂ ಕೇಳಲಿಲ್ಲ. ನಾಲ್ಕು ತಿಂಗಳಿಗೆ ಇನ್ನೊಬ್ಬನ ಕೈಯಿಂದ ಅದೇ ಆಯಿತು. ಒಳ್ಳೆಯ ಕಡೆ ಕೇಳೋದು ಬೇರೆ ಪ್ರಶ್ನೆ: "ಆ ತಪ್ಪು ಆಗಲು ನಾವು ಬಿಟ್ಟಿದ್ದು ಹೇಗೆ?" ತಮಾಷೆ ಅಂದರೆ ಈ ಪಾಠವನ್ನು ನಮ್ಮ ಸಾಫ್ಟ್‌ವೇರ್ ಲೋಕ ಕಲಿತದ್ದೇ ವಿಮಾನಯಾನದ ತನಿಖೆಗಳಿಂದ!

ಬೋಯಿಂಗ್ 737 ಮ್ಯಾಕ್ಸ್ ಕತೆ ನೆನಪಿದೆಯಲ್ಲ? 2018ರ ಅಕ್ಟೋಬರಿನಲ್ಲಿ ಇಂಡೋನೇಷ್ಯಾದ ಲಯನ್ ಏರ್ ವಿಮಾನ ಸಮುದ್ರಕ್ಕೆ ಬಿತ್ತು, 189 ಸಾವು. ಅದರ ಕ್ಯಾಪ್ಟನ್ ನಮ್ಮ ದಿಲ್ಲಿಯ ಹುಡುಗ. ಬಡದೇಶದ ಪೈಲಟ್‌ಗಳಿಗೆ ತರಬೇತಿ ಸಾಲದು ಅಂತ ಆಗ ಎಷ್ಟು ಜನ ಮೂಗು ಮುರಿದರು. ಐದೇ ತಿಂಗಳಿಗೆ, 2019ರ ಮಾರ್ಚ್‌ನಲ್ಲಿ, ಇಥಿಯೋಪಿಯಾದಲ್ಲಿ ಇನ್ನೊಂದು ಬಿತ್ತು, 157 ಸಾವು. ಆಗ ಎಲ್ಲರ ಕಣ್ಣು ತೆರೆಯಿತು. ಒಂದೇ ಒಂದು ಸೆನ್ಸರ್ ನಂಬಿಕೊಂಡು ವಿಮಾನದ ಮೂಗನ್ನು ಮತ್ತೆ ಮತ್ತೆ ಕೆಳಗೆ ಒತ್ತುವ ಸಾಫ್ಟ್‌ವೇರ್ ಒಂದಿತ್ತು. ಅಂಥದ್ದೊಂದು ಇದೆ ಅಂತ ಪೈಲಟ್‌ಗಳಿಗೆ ಹೇಳಿಯೇ ಇರಲಿಲ್ಲ. ಮೊದಲ ವಿಮಾನ ಬಿದ್ದಾಗಲೇ "ಪೈಲಟ್ ತಪ್ಪು" ಅನ್ನುವ ಸುಲಭದ ಉತ್ತರ ಬಿಟ್ಟು ಎಲ್ಲ ಮ್ಯಾಕ್ಸ್‌ಗಳನ್ನೂ ನೆಲಕ್ಕಿಳಿಸಿದ್ದರೆ ಆ 157 ಜನ ಉಳಿಯುತ್ತಿದ್ದರು.

ನಮ್ಮೂರು ಸಂಗನಕಲ್ಲು. ಬಳ್ಳಾರಿ ಕಡೆಯವರಿಗೆ ನಮ್ಮ ಗುಡ್ಡ ಗೊತ್ತು. ಸುಮಾರು ನಾಲ್ಕು ಸಾವಿರ ವರ್ಷದ ಹಿಂದೆ ಅಲ್ಲಿ ಕಲ್ಲುಕೊಡಲಿ ಮಾಡುವ ಕಾರ್ಖಾನೆಯೇ ಇತ್ತು. ಇವತ್ತೂ ಅಲ್ಲಿ ಚಕ್ಕೆಗಳು, ಅರ್ಧಕ್ಕೆ ಮುರಿದ ಕೊಡಲಿಗಳು ಬಿದ್ದಿವೆ. ಕೊಡಲಿ ಹೇಗೆ ಮಾಡುತ್ತಿದ್ದರು ಅಂತ ಪುರಾತತ್ವದವರು ತಿಳಿದುಕೊಳ್ಳುವುದು ಈ ಮುರಿದ ತುಂಡುಗಳನ್ನೂ ನೋಡಿ. ಎಲ್ಲಿ ಏಟು ತಪ್ಪಿತು, ಕಲ್ಲಿನ ಯಾವ ಎಳೆ ಸೀಳಿತು ಅನ್ನೋದು ಅವುಗಳಲ್ಲೇ ಇದೆ. ಮುರಿದದ್ದನ್ನು ನೋಡಿ ಕಲಿಯಬೇಕು ಅನ್ನೋದಕ್ಕೆ ಡಿಗ್ರಿ ಏನೂ ಬೇಡ.

ಇನ್ನು ಭದ್ರತೆಯ ವಿಷಯ. ನಮ್ಮ ಜನಕ್ಕೆ ಭದ್ರತೆಗೂ ಸುರಕ್ಷತೆಗೂ ವ್ಯತ್ಯಾಸ ತಿಳಿಯದ ಹಾಗೆ ಮಾಡಿಟ್ಟಿದ್ದಾರೆ. ಕೆಟ್ಟವನು ಬಂದು ಹಾಳು ಮಾಡದಂತೆ ಕಾಯೋದು ಭದ್ರತೆ. ಒಳ್ಳೆಯವರೇ ಕೆಲಸ ಮಾಡುವಾಗ ಅನಾಹುತ ಆಗದಂತೆ ಕಾಯೋದು ಸುರಕ್ಷತೆ. ಭದ್ರತೆ ಬೇಡ ಅನ್ನೋ ಮೂರ್ಖ ನಾನಲ್ಲ. 1985ರಲ್ಲಿ ಕನಿಷ್ಕ ವಿಮಾನದಲ್ಲಿ ಬಾಂಬ್ ಸಿಡಿದು 329 ಜನ ಸತ್ತರು. 1999ರ ಡಿಸೆಂಬರಿನಲ್ಲಿ ವಿಮಾನ ಅಪಹರಿಸಿ ಕಂದಹಾರಕ್ಕೆ ಒಯ್ದರು. ಅದಾದ ಮೇಲೆಯೇ ವಿಮಾನ ನಿಲ್ದಾಣಗಳಿಗೆ ಸಿಐಎಸ್ಎಫ್ ಬಂತು. ಬೆಲ್ಟ್ ಬಿಚ್ಚು ಅಂದರೆ ಬಿಚ್ಚೋಣ, ಲೈಟರ್ ಬಿಸಾಕು ಅಂದರೆ ಬಿಸಾಕೋಣ.

ಆದರೆ ಮಂಗಳೂರಿನ ವಿಮಾನಕ್ಕೆ, ಕೋಳಿಕ್ಕೋಡಿನ ವಿಮಾನಕ್ಕೆ ಹತ್ತಿದವರನ್ನೂ ಹೀಗೇ ತಪಾಸಣೆ ಮಾಡಿ ಕಳಿಸಿದ್ದರಲ್ಲ? ಎರಡರಲ್ಲೂ ಒಬ್ಬ ಅಪಹರಣಕಾರ ಇರಲಿಲ್ಲ, ಒಂದು ಬಾಂಬ್ ಇರಲಿಲ್ಲ. ಭದ್ರತೆ ಕಣ್ಣಿಗೆ ಕಾಣುತ್ತೆ, ಅದಕ್ಕೆ ಯೂನಿಫಾರಂ ಇದೆ, ಬಂದೂಕಿದೆ. ಕೆಟ್ಟ ರಾಡಾರ್ ಪ್ರಯಾಣಿಕನ ಕಣ್ಣಿಗೆ ಕಾಣಲ್ಲ, ರನ್‌ವೇ ತುದಿಯ ಕಾಂಕ್ರೀಟ್ ಕಟ್ಟೆ ಕಾಣಲ್ಲ, ಪೈಲಟ್ ನಿನ್ನೆ ಎಷ್ಟು ಗಂಟೆ ಮಲಗಿದ್ದ ಅನ್ನೋದು ಕಾಣಲ್ಲ. ಕಾಣೋದಕ್ಕೆ ದುಡ್ಡು, ಗಮನ ಎರಡೂ ಸಿಗುತ್ತೆ. ಕಾಣದ್ದಕ್ಕೆ ಸಿಗೋದು ತನಿಖಾ ಆಯೋಗ.

ನಿದ್ದೆ ಅಂದೆನಲ್ಲ, ಅಲ್ಲಿಗೇ ಬರೋಣ. ಕ್ಯಾಪ್ಟನ್‌ಗೆ ಮೊದಲು ಸಾಕಷ್ಟು ವಿಶ್ರಾಂತಿ ಇತ್ತು ಅಂತ ಮಂಗಳೂರಿನ ವರದಿ ಹೇಳುತ್ತೆ. ಆದರೂ ದೇಹ ನಿದ್ದೆ ಬೇಡುವ ಹೊತ್ತು ಅದು, ಎದ್ದ ಮೇಲೂ ಮಂಪರು ಹೋಗಿರಲಿಕ್ಕಿಲ್ಲ ಅಂತಲೂ ಹೇಳುತ್ತೆ. ನಸುಕಿನ ಹೊತ್ತಿನ ಹಾರಾಟ ಅಂದರೆ ಹಾಗೇನೇ. ನೈಟ್ ಶಿಫ್ಟ್ ಮಾಡಿದವರಿಗೆ ನಾನು ಹೇಳಬೇಕಿಲ್ಲ. ಅಂತೂ ಇಂತೂ 2024ರ ಜನವರಿಯಲ್ಲಿ ಡಿಜಿಸಿಎ ಹೊಸ ನಿಯಮ ತಂದಿತು. ಪೈಲಟ್‌ಗಳಿಗೆ ವಾರದ ವಿಶ್ರಾಂತಿ 36 ಗಂಟೆ ಇದ್ದದ್ದು 48 ಗಂಟೆ. ರಾತ್ರಿ ಲ್ಯಾಂಡಿಂಗ್ 6 ಇದ್ದದ್ದು 2. ವಿಮಾನ ಕಂಪನಿಗಳು ಆಗಲ್ಲ ಅಂದವು, ಮುಂದಕ್ಕೆ ಹೋಯಿತು. ದಿಲ್ಲಿ ಹೈಕೋರ್ಟಿನ ತನಕ ಹೋಗಿ, ಕೊನೆಗೆ 2025ರ ಜುಲೈ ಮತ್ತು ನವೆಂಬರಿನಲ್ಲಿ ಎರಡು ಕಂತಿನಲ್ಲಿ ಜಾರಿಗೆ ಬಂತು.

ಡಿಸೆಂಬರ್ ಮೊದಲ ವಾರ ಏನಾಯಿತು ಅಂತ ಬೆಂಗಳೂರಿನಲ್ಲಿದ್ದವರಿಗೆ ಗೊತ್ತು. ಇಂಡಿಗೋ ಬೇಕಾದಷ್ಟು ಪೈಲಟ್‌ಗಳನ್ನು ಸಿದ್ಧ ಮಾಡಿಟ್ಟುಕೊಂಡಿರಲಿಲ್ಲ. ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನ ರದ್ದು. ಕೆಂಪೇಗೌಡ ನಿಲ್ದಾಣದಲ್ಲಿ ಸೂಟ್‌ಕೇಸ್‌ಗಳ ಗುಡ್ಡೆ. ಮದುವೆಗೆ ಹೊರಟವರು, ಆಸ್ಪತ್ರೆಗೆ ಹೊರಟವರು ನೆಲದ ಮೇಲೆ. ಆಗ ಸರ್ಕಾರ ಮಾಡಿದ್ದೇನು? ರಾತ್ರಿ ಹಾರಾಟದ ನಿಯಮದಿಂದ ಆ ಕಂಪನಿಗೆ 2026ರ ಫೆಬ್ರವರಿ 10ರ ತನಕ ವಿನಾಯಿತಿ! ಮುಂದೆ ದಂಡ ಹಾಕಿದರು, ಹೌದು. ಆದರೆ ಪಾಠ ಏನಾಯಿತು ನೋಡಿ. ಸಿದ್ಧತೆ ಮಾಡಿಕೊಳ್ಳದೆ ಕೂತು, ಜನಕ್ಕೆ ತೊಂದರೆಯಾಗುವ ತನಕ ಕಾದರೆ ನಿಯಮವೇ ಬಾಗುತ್ತೆ. ಅದೇ ಪೈಲಟ್ ನಾಳೆ ತೂಕಡಿಸಿ ಎಡವಿದರೆ ಮಾತ್ರ "ಪೈಲಟ್ ತಪ್ಪು". ನಿದ್ದೆಗೆ ವಿನಾಯಿತಿ ಕೊಡಲು ಡಿಜಿಸಿಎ ಯಾರು? ದೇಹ ಒಪ್ಪಬೇಕಲ್ಲ?

ಮೂರನೆಯದು ಸಾಮಾಜಿಕ ಹೊಣೆ. ಈ ಶಬ್ದ ಕೇಳಿದರೆ ನಮ್ಮ ಕಂಪನಿಗಳಿಗೆ ಗಿಡ ನೆಡೋದು, ಶಾಲೆಗೆ ಬೆಂಚು ಕೊಡೋದು, ಫೋಟೋ ತೆಗೆಸೋದು ನೆನಪಾಗುತ್ತೆ. ವಿಮಾನ ಕಂಪನಿಯ ಮೊದಲ ಸಾಮಾಜಿಕ ಹೊಣೆ ಯಾವುದು ಹೇಳಿ? ತಾನು ಕೊಂದವರ ಮನೆಯವರನ್ನು ಅಲೆದಾಡಿಸದೇ ಇರೋದು.

ಮಂಗಳೂರಿನವರಿಗೆ ಏನಾಯಿತು? ಭಾರತ 2009ರಲ್ಲೇ ಮಾಂಟ್ರಿಯಲ್ ಒಪ್ಪಂದಕ್ಕೆ ಸೇರಿತ್ತು. ಒಂದು ಲಕ್ಷ ಎಸ್‌ಡಿಆರ್ ತನಕ, ಆಗಿನ ಲೆಕ್ಕದಲ್ಲಿ ಸುಮಾರು 70-75 ಲಕ್ಷ ರೂಪಾಯಿ, ಯಾರ ತಪ್ಪು ಅಂತ ಕೇಳದೆ ಕಂಪನಿ ಹೊಣೆ ಹೊರಬೇಕು ಅಂತ ಆಗ ಇತ್ತು. ಜನ ಅದನ್ನು ತಲೆಗಿಷ್ಟು ಅಂತ ಸಿಗುವ ಕನಿಷ್ಠ ಹಣ ಅಂದುಕೊಂಡರು. ಕಂಪನಿ ಕಡೆಯವರು ಇಲ್ಲ, ಅದು ಮಿತಿ, ಸತ್ತವನ ಗಳಿಕೆ ನೋಡಿ ನಷ್ಟ ಲೆಕ್ಕ ಹಾಕಬೇಕು ಅಂದರು. 2011ರ ಜುಲೈನಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ 75 ಲಕ್ಷ ಕೊಡಿ ಅಂತು. ಮರುತಿಂಗಳೇ ವಿಭಾಗೀಯ ಪೀಠ ಅದನ್ನು ರದ್ದು ಮಾಡಿತು. ಅಂದರೆ ಕೂಲಿ ಮಾಡುತ್ತಿದ್ದವನ ಸಾವಿಗೆ ಒಂದು ರೇಟು, ಆಫೀಸರನ ಸಾವಿಗೆ ಇನ್ನೊಂದು. ಇಬ್ಬರೂ ಕೂತಿದ್ದು ಅದೇ ವಿಮಾನದಲ್ಲಿ, ಸುಟ್ಟಿದ್ದು ಅದೇ ಬೆಂಕಿ. ಕೋರ್ಟು ಬಿಡದೆ ಹೋರಾಡಿದ ಒಂದು ಕುಟುಂಬಕ್ಕೆ ಸುಪ್ರೀಂ ಕೋರ್ಟ್ 7.64 ಕೋಟಿ ಮತ್ತು ಬಡ್ಡಿ ಕೊಡಿಸಿದ್ದು 2020ರಲ್ಲಿ. ಹತ್ತು ವರ್ಷ! ಹತ್ತು ವರ್ಷ ವಕೀಲರಿಗೆ ಕೊಡುವ ಶಕ್ತಿ ಗಲ್ಫ್‌ಗೆ ಕೂಲಿಗೆ ಹೋದವನ ಹೆಂಡತಿಗೆ ಇರುತ್ತಾ? ಪ್ರತಿ ಮೇ 22ಕ್ಕೆ ಕೂಳೂರಿನ ಸ್ಮಾರಕದ ಹತ್ತಿರ ಹೂವು ಇಡುತ್ತಾರೆ. ಇಡಲಿ. ಹೂವಿನಿಂದ ಮನೆ ನಡೆಯಲ್ಲ.

ಇನ್ನೊಂದು ವಿಷಯ ಬಹಳ ಜನಕ್ಕೆ ಮರೆತೇ ಹೋಗಿದೆ. ಬಜ್ಪೆಯ ಆ ಹೊಸ ರನ್‌ವೇ ಶುರುವಾದದ್ದು 2006ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ಅಲ್ಲಿನ ಊರಿನವರು, ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪಿನವರು ಕೋರ್ಟಿಗೆ ಹೋಗಿದ್ದರು. ಇಷ್ಟು ಇಕ್ಕಟ್ಟಿನ ಜಾಗ, ಸುತ್ತ ಕಣಿವೆ, ಏನಾದರೂ ಆದರೆ ರಕ್ಷಣೆಗೆ ಹೋಗುವುದಾದರೂ ಹೇಗೆ ಅಂತ ಕೇಳಿದ್ದರು. ಎಲ್ಲ ನಿಯಮದ ಪ್ರಕಾರವೇ ಇರುತ್ತೆ ಅಂತ ಪ್ರಾಧಿಕಾರ ಹೇಳಿತು. 2002ರಲ್ಲಿ ಹೈಕೋರ್ಟಿನಲ್ಲಿ, 2003ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅರ್ಜಿ ಬಿದ್ದುಹೋಯಿತು. ರನ್‌ವೇ ಉದ್ದ ಸಾಕಿತ್ತು ಅಂತಲೇ ಮುಂದೆ ತನಿಖೆಯಲ್ಲೂ ಬಂತು, ಅದನ್ನು ಮುಚ್ಚಿಡಲ್ಲ. ಆದರೆ ಕಣಿವೆಯ ಪ್ರಶ್ನೆ ಸುಳ್ಳಾಗಲಿಲ್ಲ. ಅಭಿವೃದ್ಧಿ ವಿರೋಧಿಗಳು ಅಂತ ಬೈಸಿಕೊಂಡವರೇ ಸುರಕ್ಷತೆಯ ಸರಿಯಾದ ಪ್ರಶ್ನೆ ಕೇಳಿದ್ದರು.

ಇದನ್ನೆಲ್ಲ ಬಳ್ಳಾರಿಯವನು ಯಾಕೆ ಬರೀತಿದಾನೆ ಅನ್ನಬಹುದು. ನಮಗೂ ವಿಮಾನದ ಹುಚ್ಚು ಹಿಡಿದು ಬಹಳ ವರ್ಷ ಆಯಿತಲ್ಲ! ಗಣಿ ದುಡ್ಡು ಹರಿಯುತ್ತಿದ್ದ ಕಾಲದಲ್ಲಿ ಚಾಗನೂರು, ಸಿರವಾರದ ಹತ್ತಿರ ದೊಡ್ಡ ವಿಮಾನ ನಿಲ್ದಾಣ ಅಂತ ಹೇಳಿ ನೂರಾರು ಎಕರೆ ಜಮೀನಿಗೆ ಕೈ ಹಾಕಿದರು. ಬರಡು ನೆಲ ಅಲ್ಲ, ನೀರು ಹರಿಯುವ ಬೆಳೆ ಬರುವ ಹೊಲ. ರೈತರು ಬೇಡ ಅಂದರು, ಬೀದಿಗಿಳಿದರು. ವರ್ಷಗಳು ಉರುಳಿದವು, ಒಂದು ವಿಮಾನವೂ ಇಳಿಯಲಿಲ್ಲ. ಆ ಕಡೆ ತೋರಣಗಲ್ಲಿನ ಜಿಂದಾಲ್ ನಿಲ್ದಾಣದಿಂದ 2017ರಲ್ಲಿ ಉಡಾನ್ ಯೋಜನೆಯಲ್ಲಿ ಹೈದರಾಬಾದಿಗೆ ವಿಮಾನ ಶುರುವಾಯಿತು. ನಮ್ಮವರೆಲ್ಲ ಸೆಲ್ಫಿ ತಗೊಂಡರು. ಮುಂದೆ ಆ ಟ್ರೂಜೆಟ್ ಕಂಪನಿಯೇ ನಿಂತುಹೋಯಿತು.

ಬಳ್ಳಾರಿಗೆ ವಿಮಾನ ಬೇಡ ಅಂತ ನಾನು ಹೇಳಲ್ಲ. ಹಬ್ಬಕ್ಕೆ ಹೊರಡುವಾಗ ಬಸ್ಸಿನಲ್ಲಿ ರಾತ್ರಿಯಿಡೀ ಸೊಂಟ ನೋಯಿಸಿಕೊಂಡು ಬರುವವನು ನಾನೇ. ಆದರೆ ನಮ್ಮ ಲೀಡರುಗಳ ಭಾಷಣದಲ್ಲಿ "ಎಷ್ಟು ಎಕರೆ, ಎಷ್ಟು ಕೋಟಿ, ಯಾವಾಗ ಉದ್ಘಾಟನೆ" ಬಿಟ್ಟರೆ ಬೇರೆ ಮಾತೇ ಬರಲ್ಲ. ರನ್‌ವೇ ತುದಿಯಾಚೆ ಎಷ್ಟು ಜಾಗ ಬಿಡುತ್ತೀರಿ? ಬೆಂಕಿ ಬಿದ್ದರೆ ಇಷ್ಟೊಂದು ಸುಟ್ಟ ಗಾಯದವರನ್ನು ನೋಡುವ ಆಸ್ಪತ್ರೆ ಎಲ್ಲಿದೆ? ಜಮೀನು ಕೊಟ್ಟವನ ಮಗನಿಗೆ ಕೆಲಸ ಎಲ್ಲಿ? ಇವನ್ನು ಕೇಳಿದರೆ ಅಭಿವೃದ್ಧಿಗೆ ಅಡ್ಡಗಾಲು ಅಂತಾರೆ. ಬಜ್ಪೆಯವರಿಗೂ ಹಾಗೇ ಅಂದಿದ್ದರು.

ಬೈದಿದ್ದು ಸಾಕು, ಏನು ಮಾಡಬೇಕು ಹೇಳಪ್ಪ ಅಂತೀರಾ? ಇಷ್ಟು ಮಾಡಲಿ.

1. ತನಿಖೆ ಮಾಡುವವರು ಮಂತ್ರಾಲಯದ ಕೆಳಗಿರಬಾರದು. ಸ್ವತಂತ್ರ ಸುರಕ್ಷತಾ ಮಂಡಳಿ ಬೇಕು ಅಂತ ಗೋಖಲೆ ವರದಿಯೇ ಹೇಳಿತ್ತು. 2012ರಲ್ಲಿ ಎಎಐಬಿ ಅಂತ ಒಂದು ಬ್ಯೂರೋ ಮಾಡಿದರು, ಆದರೆ ಅದನ್ನು ಇಟ್ಟಿದ್ದು ಅದೇ ಮಂತ್ರಾಲಯದ ಅಧೀನದಲ್ಲಿ. ನಿಯಮ ಮಾಡುವ, ಕಾಯುವ ಡಿಜಿಸಿಎ ಇರೋದೂ ಅಲ್ಲೇ. ಪರೀಕ್ಷೆ ಬರೆದವನೇ ಪೇಪರ್ ತಿದ್ದಿದ ಹಾಗಾಯಿತು.

2. ಪ್ರತಿ ವರದಿಯ ಪ್ರತಿ ಶಿಫಾರಸಿನ ಮುಂದೆ ಮೂರು ಕಾಲಂ ಇರಲಿ: ಯಾರು ಮಾಡಬೇಕು, ಯಾವ ತಾರೀಖಿನೊಳಗೆ, ಆಯಿತೋ ಇಲ್ಲವೋ. ಅದು ಎಲ್ಲರಿಗೂ ಕಾಣುವಂತಿರಲಿ. ನಮ್ಮ ಆಫೀಸಿನಲ್ಲಿ ಒಂದು ಬಟನ್ನಿನ ಬಣ್ಣ ತಪ್ಪಿದರೂ ಹೀಗೆ ಬರೆದಿಡುತ್ತೇವೆ. 158 ಜೀವಕ್ಕೆ ಅಷ್ಟಾದರೂ ಬೇಡವೇ?

3. ಪೈಲಟ್‌ಗಳ ವಿಶ್ರಾಂತಿಯ ನಿಯಮಕ್ಕೆ ಯಾವ ಕಂಪನಿಗೂ ವಿನಾಯಿತಿ ಬೇಡ. ಪೈಲಟ್ ಸಾಲದಿದ್ದರೆ ಟಿಕೆಟ್ ಮಾರಬೇಡಿ.

4. ತಪ್ಪು ಯಾರದೆಂದು ಕೇಳದೆ ಕೊಡಬೇಕಾದ ಪರಿಹಾರ ಎಲ್ಲರಿಗೂ ಒಂದೇ ಇರಲಿ, ಕೋರ್ಟಿಗೆ ಹೋಗದೆ ಸಿಗಲಿ. ಅದಕ್ಕಿಂತ ಹೆಚ್ಚು ಬೇಕಾದವರು ಬೇಕಾದರೆ ಕೋರ್ಟಿಗೆ ಹೋಗಲಿ.

5. ಹೊಸ ನಿಲ್ದಾಣ ಕಟ್ಟುವ ಮುಂಚೆ ಊರಿನವರ ಆಕ್ಷೇಪಗಳನ್ನೂ ಅದಕ್ಕೆ ಕೊಟ್ಟ ಉತ್ತರಗಳನ್ನೂ ಕನ್ನಡದಲ್ಲಿ ಪ್ರಕಟಿಸಲಿ. ಉತ್ತರದ ಕೆಳಗೆ ಅಧಿಕಾರಿಯ ಹೆಸರು, ಸಹಿ ಇರಲಿ. ನಾಳೆ ಏನಾದರೂ ಆದರೆ ಆ ಕಾಗದ ಮಾತಾಡುತ್ತೆ.

"ಹಾಗಾದರೆ ಪೈಲಟ್‌ಗಳೆಲ್ಲ ಪಾಪದವರು ಅಂತೀಯಾ?" ಅಂತ ಯಾರಾದರೂ ಕಾಮೆಂಟ್ ಹಾಕೇ ಹಾಕ್ತಾರೆ. ಇಲ್ಲ ಸ್ವಾಮಿ. ತಪ್ಪು ಮಾಡಿದ ಪೈಲಟ್ ತನ್ನ ಪಾಲಿನ ಬೆಲೆ ಅಲ್ಲೇ, ಆ ಕ್ಷಣವೇ ಕೊಟ್ಟು ಹೋಗಿರುತ್ತಾನೆ. ಉಳಿದವರ ಪಾಲಿನದ್ದು ಬಾಕಿ ಇದೆ ಅಂತ ಅಷ್ಟೇ ನನ್ನ ಮಾತು. ಮುಂದಿನ ಸಲ ಟಿವಿಯಲ್ಲಿ ಆ ಎರಡು ಶಬ್ದ ಬಂದಾಗ ಒಂದು ಪ್ರಶ್ನೆ ಕೇಳಿ: ಸರಿ, ಸತ್ತವನದ್ದು ಗೊತ್ತಾಯಿತು, ಬದುಕಿರುವವರಲ್ಲಿ ಯಾರ್ಯಾರು?

ಮಂಗಳೂರು, ಕಾಸರಗೋಡು ಕಡೆಯ ಬ್ಲಾಗಿಗರು ಇದಕ್ಕೆ ತಮ್ಮ ಊರಿನ ಮಾತು ಸೇರಿಸಿದರೆ ಸಂತೋಷ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನವರು ಯಾರಾದರೂ ಓದುತ್ತಿದ್ದರೆ, ನಮ್ಮ ಜಿಲ್ಲೆಯಲ್ಲಿ ಮುಂದೆ ವಿಮಾನ ನಿಲ್ದಾಣದ ಸಭೆ ಎಲ್ಲೇ ನಡೆದರೂ ಹೋಗಿ. ರನ್‌ವೇ ತುದಿಯಾಚೆ ಏನಿದೆ ಅಂತ ಕೇಳಿ. ಯಾರೂ ಉತ್ತರ ಕೊಡದಿದ್ದರೆ, ಯಾರು ಕೊಡಲಿಲ್ಲ ಅಂತ ಹೆಸರು ಬರೆದಿಟ್ಟುಕೊಳ್ಳಿ.